ಹುರುಪೆ ಓದುವ ಮೈದುನ

ನನ್ನ ಮೈದುನನಿಗೆ ಈಜು ಬರುವುದಿಲ್ಲ. ದೋಣಿ ಹತ್ತಿದರೆ ತಲೆ ಸುತ್ತುತ್ತದೆ. ಮೀನಿನ ವಾಸನೆ ಬಂದರೆ ಮೂಗಿಗೆ ಕರವಸ್ತ್ರ ಹೋಗುತ್ತದೆ. ಇಂಥವನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ವಿಶ್ವವಿದ್ಯಾಲಯದಲ್ಲಿ ಸಿಹಿನೀರಿನ ಮೀನಿನ ಪ್ರೊಫೆಸರಾಗಿದ್ದಾನೆ. ಅದರಲ್ಲೂ ಗಾಳದ ಮೀನು. ಹಸಿದವರು ಹಿಡಿಯುವ ಮೀನಲ್ಲ, ಮಾರುವವರು ಹಿಡಿಯುವ ಮೀನೂ ಅಲ್ಲ. ರಜದ ದಿನ ಮನೆಯಲ್ಲಿ ಹೊತ್ತು ಹೋಗದ ಗಂಡಸರು ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಹಿಡಿದು, ಎದೆಗವಚಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಆ ಮೀನು. ಅದರ ಯೋಗಕ್ಷೇಮ ನೋಡಿಕೊಳ್ಳುವುದು ಹೇಗೆ ಎಂದು ಡಿಗ್ರಿ ಮುಗಿಸಿ ಬಂದ ಹುಡುಗ ಹುಡುಗಿಯರಿಂದ ಸಂಶೋಧನೆ ಮಾಡಿಸುವುದು ಅವನ ಉದ್ಯೋಗ. ಮಾಡಿಸುವುದು ಅಂದೆ, ಮಾಡುವುದು ಅನ್ನಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೈ ಅವರದು, ಬಾಯಿ ಇವನದು.

ನಾನು ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗ ಅವನಿನ್ನೂ ಕಾಲೇಜಿಗೆ ಹೋಗುತ್ತಿದ್ದ. ತನ್ನ ತಟ್ಟೆ ತಾನು ಎತ್ತುವವನಲ್ಲ. ಆದರೆ ಯಾರಾದರೂ ಎತ್ತಿದರೆ ಹೇಗೆ ಎತ್ತಬೇಕು ಎಂದು ಹೇಳಿಕೊಡುತ್ತಿದ್ದ. ನನ್ನ ಗಂಡನೂ ನಾನೂ ಕನ್ನಡಕದ ಅಂಗಡಿ ಇಟ್ಟುಕೊಂಡವರು. ಗಿರಾಕಿಗಳ ಕಣ್ಣು ನೋಡುವುದು ಅವರ ಪಾಲು, ಒಳಗೆ ಕೂತು ಗಾಜು ಉಜ್ಜುವುದು ನನ್ನ ಪಾಲು. ತಮ್ಮನ ವಿಷಯ ಬಂದರೆ ನನ್ನ ಗಂಡನಿಗೆ ಜಾಣಕಿವುಡು. ಹಾಗಾಗಿ ಅವನ ಕಥೆ ಹೇಳುವ ಕರ್ಮ ನನ್ನ ತಲೆಗೆ ಬಿತ್ತು.

ಮೈದುನನಿಗೆ ಹೆಸರು ತಂದ ವಿದ್ಯೆ ಒಂದೇ, ಹುರುಪೆ ಓದುವುದು. ಮೀನಿನ ಮೈಮೇಲಿನ ಹುರುಪೆಯಲ್ಲಿ ಉಂಗುರದಂಥ ಗೆರೆಗಳಿರುತ್ತವಂತೆ, ವರ್ಷಕ್ಕೊಂದು. ಒಂದು ಹುರುಪೆ ಕಿತ್ತು ಎರಡು ಗಾಜಿನ ನಡುವೆ ಇಟ್ಟು ದೊಡ್ಡದು ಮಾಡಿ ನೋಡಿದರೆ ಮೀನಿನ ವಯಸ್ಸು ಗೊತ್ತಾಗುತ್ತದೆ. ಮೀನನ್ನು ಮತ್ತೆ ನೀರಿಗೆ ಬಿಡಬಹುದು, ಅದು ಸಾಯುವುದಿಲ್ಲ. ನಮ್ಮೂರ ದೊಡ್ಡ ಕೆರೆಯಲ್ಲಿ ಕೆಂಬಾಲ ಅನ್ನುವ ಮೀನಿದೆ, ತೋಳುದ್ದ ಬೆಳೆಯುತ್ತದೆ, ಬಾಲದ ತುದಿ ಇಟ್ಟಿಗೆ ಬಣ್ಣ. ವಯಸ್ಸಿನಲ್ಲಿದ್ದಾಗ ಅವನು ಅದರ ಹುರುಪೆಗಳನ್ನು ನೋಡಿ, ಕೆಂಬಾಲ ಎಂಟು ವರ್ಷಕ್ಕೆ ಪೂರ್ತಿ ಬೆಳೆಯುತ್ತದೆ, ಹನ್ನೆರಡಕ್ಕೆ ಸಾಯುತ್ತದೆ ಎಂದು ಬರೆದ. ಅದು ಎಲ್ಲೋ ಅಚ್ಚಾಯಿತು. ಅವತ್ತಿನಿಂದ ಅವನು ಹಿಡಿದ ಮೊಲಕ್ಕೆ ಮೂರೇ ಕಾಲು.

ಈ ಹನ್ನೆರಡರಿಂದ ಎಲ್ಲರಿಗಿಂತ ಹೆಚ್ಚು ಕುಣಿದಾಡಿದವರು ಗಾಳದ ಸಂಘದವರು. ಹೇಗೂ ಬೇಗ ಸಾಯುವ ಮೀನು, ದೊಡ್ಡದನ್ನು ಹೊತ್ತುಕೊಂಡು ಹೋದರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ ಎಂದು ಇವನು ಹೇಳಿಕೊಟ್ಟ. ಕೆರೆಯ ಸಮಿತಿ ಅದನ್ನೇ ನಿಯಮ ಮಾಡಿತು. ಒಬ್ಬೊಬ್ಬ ಸದಸ್ಯ ವರ್ಷಕ್ಕೆ ನಾಲ್ಕು ದೊಡ್ಡ ಕೆಂಬಾಲ ಮನೆಗೆ ಒಯ್ಯಬಹುದು. ಉಪಕಾರಕ್ಕೆ ಪ್ರತಿಯಾಗಿ ಸಂಘದವರು ಇವನ ವಿಭಾಗಕ್ಕೆ ಒಂದು ದೋಣಿಯನ್ನೂ ಒಂದು ಸಂಶೋಧನಾ ಸೀಟನ್ನೂ ಕೊಟ್ಟರು. ಸಂಘದ ಅಧ್ಯಕ್ಷ ಹಲ್ಲಿನ ಡಾಕ್ಟರು. ಅವನ ಕ್ಲಿನಿಕ್ಕಿನಲ್ಲಿ ರೋಗಿ ಮಲಗುವ ಕುರ್ಚಿಗೆ ಎದುರಾಗಿ ಅವನು ಕೆಂಬಾಲ ಹಿಡಿದು ನಿಂತ ಆಳೆತ್ತರದ ಫೋಟೋ ಇದೆ. ನನ್ನ ದವಡೆ ಹಲ್ಲು ಕೀಳಿಸಿದ ದಿನ ಅರ್ಧ ಗಂಟೆ ಬಾಯಿ ತೆರೆದುಕೊಂಡು ನಾನು ಅದನ್ನೇ ನೋಡಬೇಕಾಯಿತು. ಮೀನೂ ಬಾಯಿ ತೆರೆದುಕೊಂಡೇ ಇತ್ತು.

ಆ ಸೀಟಿಗೆ ಒಬ್ಬಳು ಹುಡುಗಿ ಬಂದಳು. ಹುಡುಗಿ ಅಂದರೆ ಮೂವತ್ತು ದಾಟಿದವಳು. ಎಲ್ಲೋ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಕಾಯಂ ಕೆಲಸ ಬಿಟ್ಟು ಬಂದಿದ್ದಳು. ತಾಯಿ ಈಗಲೂ ಫೋನಿನಲ್ಲಿ ಅದಕ್ಕೇ ಅಳುತ್ತಾಳೆ ಎಂದು ನಗುತ್ತ ಹೇಳಿದಳು. ನಮ್ಮ ಅಂಗಡಿಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದವಳು ನಾಲ್ಕು ದಿನಕ್ಕೆ ನನ್ನನ್ನು ಅಕ್ಕ ಅನ್ನತೊಡಗಿದಳು. ಬಾಯಲ್ಲಿ ತುತ್ತಿಟ್ಟುಕೊಂಡೇ ಮಾತಾಡುವ ಜಾತಿ. ಒದ್ದೆ ಬೂಟು ಮೆಟ್ಟಿಲ ಮೇಲೆ ಬಿಡುತ್ತಿದ್ದಳು, ನಾನು ಬೈಯುತ್ತಿದ್ದೆ, ಮರುದಿನ ಮತ್ತೆ ಅಲ್ಲೇ ಬಿಡುತ್ತಿದ್ದಳು. ನನಗೆ ಅವಳನ್ನು ಕಂಡರೆ ಇಷ್ಟ ಎಂದು ಈಗಲೇ ಹೇಳಿಬಿಡುತ್ತೇನೆ.

ಅವಳಿಗೆ ಕೊಟ್ಟ ವಿಷಯ ಕೆಂಬಾಲದ ಮರಿಗಳು ಏನು ತಿನ್ನುತ್ತವೆ ಅನ್ನುವುದು. ಮರಿ ಸಿಕ್ಕರೆ ತಾನೆ? ಸಣ್ಣ ಕಣ್ಣಿನ ಬಲೆ ಹಾಕಿ ದಡದುದ್ದಕ್ಕೂ ಒಂದು ವರ್ಷ ಎಳೆದಳು. ಒಂದು ಮರಿಯೂ ಇಲ್ಲ. ಎರಡನೇ ವರ್ಷವೂ ಇಲ್ಲ. ಮೈದುನ, "ನೀನು ಬಲೆ ಹಾಕೋ ರೀತಿ ಸರಿ ಇಲ್ಲ" ಅಂದ. ಬಲೆಯನ್ನು ಫೋಟೋದಲ್ಲಿ ಮಾತ್ರ ನೋಡಿದವನು.

ಒಂದು ದಿನ ಅವಳು ಕೆಳಗೆ ಬಂದು ನಾನು ಗಾಜು ಉಜ್ಜುವ ಚಕ್ರದ ಪಕ್ಕ ಕೂತು ಕೇಳಿದಳು.

"ಅಕ್ಕ, ಕೆರೆ ಸುತ್ತ ಈ ಕಲ್ಲಿನ ಗೋಡೆ ಯಾವಾಗ ಕಟ್ಟಿದ್ದು?"

"ನನ್ನ ಮಗಳು ಹೊಟ್ಟೇಲಿದ್ದಾಗ. ಅದಕ್ಕೆ ಮುಂಚೆ ಬರೀ ಜೊಂಡು. ವಾಕಿಂಗ್ ಹೋಗೋರ ಕಾಲಿಗೆ ಕೆಸರಾಗುತ್ತೆ ಅಂತ ಎಲ್ಲ ಕಿತ್ತು ಗೋಡೆ ಎಬ್ಬಿಸಿದ್ರು."

"ನಿಮ್ಮ ಮಗಳಿಗೆ ಈಗ ಎಷ್ಟು?"

"ಇಪ್ಪತ್ತೇಳು. ಯಾಕೆ, ಗಂಡು ನೋಡಿದೀಯಾ? ಅವಳಿಗೆ ಮದುವೆ ಆಗಿ ಕೂಸೂ ಆಯ್ತು."

ಅವಳು ನಗಲಿಲ್ಲ. "ಕೆಂಬಾಲ ಮೊಟ್ಟೆ ಇಡೋದು ಜೊಂಡಿನ ಬುಡದಲ್ಲಿ ಮಾತ್ರ. ಜೊಂಡು ಹೋಗಿ ಇಪ್ಪತ್ತೇಳು ವರ್ಷ. ಅವತ್ತಿಂದ ಮರಿ ಆಗಿಲ್ಲ. ಹನ್ನೆರಡು ವರ್ಷಕ್ಕೆ ಸಾಯೋ ಮೀನಾಗಿದ್ರೆ ಕೆರೆಯಲ್ಲಿ ಈಗ ಒಂದೂ ಇರಬಾರದಿತ್ತು."

"ಇವೆಯಲ್ಲ?"

"ಅದೇ ಅಕ್ಕ. ಇರೋದೆಲ್ಲ ನಿಮ್ಮ ಮಗಳಿಗಿಂತ ದೊಡ್ಡವು. ಇವು ಹೋದ್ರೆ ಮತ್ತೆ ಬರಲ್ಲ. ಇವು ಉಳಿದಿದ್ರೆ ಒಂದಲ್ಲ ಒಂದು ದಿನ ಗೋಡೆ ಒಡೆದು ಜೊಂಡು ನೆಡಬಹುದು, ಮರಿ ಆಗಬಹುದು. ಇವರು ವರ್ಷಕ್ಕೆ ನಾಲ್ಕು ನಾಲ್ಕು ಎತ್ತಿಕೊಂಡು ಹೋಗ್ತಿದಾರೆ."

ಚಕ್ರ ನಿಲ್ಲಿಸಿದೆ. ಮೀನಿನ ಬಗ್ಗೆ ನನಗೆ ಯಾವತ್ತೂ ಏನೂ ಅನ್ನಿಸಿದ್ದಿಲ್ಲ. ಅವತ್ತು ಕೈಯಲ್ಲಿದ್ದ ಗಾಜು ಪಕ್ಕಕ್ಕಿಟ್ಟು, ಪೂರ್ತಿ ಹೇಳು ಅಂದೆ.

ಹುರುಪೆ ಸುಳ್ಳು ಹೇಳುತ್ತದೆ ಎಂದು ಅವಳು ವಿವರಿಸಿದಳು. ಮೀನು ಬೆಳೆಯುವವರೆಗೆ ಹುರುಪೆಯೂ ಬೆಳೆಯುತ್ತದೆ, ಗೆರೆ ಮೂಡುತ್ತದೆ. ಮೀನು ಬೆಳೆಯುವುದು ನಿಂತಿತೋ, ಗೆರೆಗಳೂ ಅಂಚಿನಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಕಾಣದಾಗುತ್ತವೆ. ಮುದುಕಿಯನ್ನೂ ಹರೆಯದವಳು ಅನ್ನುತ್ತದೆ. ನಿಜ ಹೇಳುವುದು ಮೀನಿನ ತಲೆಯೊಳಗಿನ ಕಿವಿಗಲ್ಲು. ಅಕ್ಕಿಕಾಳಿಗಿಂತ ತುಸು ದೊಡ್ಡ ಬಿಳಿ ಹರಳು, ಸಾಯುವ ತನಕ ವರ್ಷಕ್ಕೊಂದು ಗೆರೆ ಕಟ್ಟುತ್ತ ಹೋಗುತ್ತದೆ. ತೆಗೆಯಬೇಕಾದರೆ ಮಾತ್ರ ತಲೆ ಸೀಳಬೇಕು.

ಮೈದುನನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವನ ಪುಸ್ತಕಗಳಲ್ಲೇ ಇತ್ತಂತೆ. ಹುಡುಗಿ ಕೇಳಿದರೆ, "ಮೀನು ಸಾಯಿಸದೆ ವಯಸ್ಸು ಹೇಳೋದೇ ನಮ್ಮ ವಿಭಾಗದ ಹೆಗ್ಗಳಿಕೆ, ಸಂಘದವರಿಗೆ ಬೇಜಾರಾಗುತ್ತೆ" ಅಂದ. ಕಲ್ಲು ಸೀಳುವ ಯಂತ್ರ ಬಟ್ಟೆ ಹೊದ್ದು ವಿಭಾಗದಲ್ಲೇ ಇತ್ತು. ಆ ಕೋಣೆಯ ಕೀಲಿ ಸಿಗುತ್ತಿಲ್ಲ ಅಂದ. ಸಂಘದವರು ಮನೆಗೆ ಒಯ್ದು ತಿಂದರೆ ಅದು ಸಾಯಿಸಿದ ಲೆಕ್ಕಕ್ಕೆ ಬರುವುದಿಲ್ಲವೇ ಎಂದು ನಾನು ಅವನನ್ನೇ ಕೇಳಿದೆ. "ಅದು ಬಳಕೆ ಅತ್ತಿಗೆ" ಅಂದ.

ಸಂಘದ ಸ್ಪರ್ಧೆ ಮುಗಿದ ಮರುದಿನ, ಫೋಟೋ ತೆಗೆಸಿಕೊಂಡು ಬಿಟ್ಟ ಮೀನುಗಳಲ್ಲಿ ಕೆಲವು ಸತ್ತು ದಡಕ್ಕೆ ತೇಲಿ ಬರುತ್ತವೆ. ಹುಡುಗಿ ಅವುಗಳ ತಲೆ ಕೊಯ್ದು ಚೀಲದಲ್ಲಿ ತಂದಳು. ವಾಸನೆಗೆ ಗಿರಾಕಿಗಳು ಬಾಗಿಲಿನಿಂದಲೇ ವಾಪಸು ಹೋದರು, ನನ್ನ ಗಂಡನ ಕಿವುಡು ಅವತ್ತೊಂದು ದಿನ ಮೂಗಿಗೆ ನೆರವಾಗಲಿಲ್ಲ. ಅವಳು ಕಲ್ಲು ತೆಗೆದು ಗಾಜಿನ ಚೂರಿಗೆ ಅಂಟಿಸಿ ಕೊಟ್ಟಳು, ನಾನು ನನ್ನ ಚಕ್ರದ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಉಜ್ಜಿಕೊಟ್ಟೆ. ಮೊದಲ ಎರಡು ಪುಡಿ ಮಾಡಿದೆ. ಆಮೇಲೆ ಕೈ ಕೂತಿತು. ಅವಳು ತಂದ ಸೂಕ್ಷ್ಮದರ್ಶಕದಲ್ಲಿ ನಾನೂ ಬಗ್ಗಿ ನೋಡಿದೆ. ಗೆರೆ, ಗೆರೆ, ಗೆರೆ. ಒಟ್ಟು ಹನ್ನೊಂದು ಮೀನು. ಎಲ್ಲಕ್ಕಿಂತ ಚಿಕ್ಕದಕ್ಕೆ ಇಪ್ಪತ್ತೊಂಬತ್ತು, ದೊಡ್ಡದಕ್ಕೆ ನಲವತ್ತಮೂರು.

ಮೈದುನ ಭಾನುವಾರ ನಮ್ಮ ಮನೆಯಲ್ಲೇ ಊಟ ಮಾಡುವುದು. ಮದುವೆ ಅವನಿಗೆ ಒಗ್ಗಲಿಲ್ಲ, ಅಥವಾ ಹೆಂಡತಿಗೆ ಅವನು ಒಗ್ಗಲಿಲ್ಲ. ಊಟಕ್ಕೆ ಮುಂಚೆ ಹುಡುಗಿ ಅವನನ್ನು ಅಂಗಡಿಗೆ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಮೊದಲು ನೋಡಿ, ಮಸುಕು ಅಂದ. ಅವನ ಕಣ್ಣು ಮಸುಕಾಗಿ ಹತ್ತು ವರ್ಷವಾಗಿದೆ, ಒಪ್ಪಿಕೊಂಡರೆ ಮುಪ್ಪು ಎಂದು ಕನ್ನಡಕ ಹಾಕುವವನಲ್ಲ. ನಾನು ಶೋಕೇಸಿನಿಂದ ಒಂದನ್ನು ತೆಗೆದು ಅವನ ಮೂಗಿಗೇರಿಸಿದೆ. ಬೆಲೆಚೀಟಿ ಕೆನ್ನೆ ಮೇಲೆ ಜೋತಾಡುತ್ತಿತ್ತು. ಅದರೊಂದಿಗೇ ಎಣಿಸಿದ. ಮತ್ತೆ ಎಣಿಸಿದ. ಮೂರನೇ ಸಲ ಎಣಿಸುವಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು, ಸ್ವರ ಇರಲಿಲ್ಲ.

ಅವತ್ತು ಊಟಕ್ಕೆ ಕೂತು ಕೈ ತೊಳೆದ ಅಷ್ಟೆ. ಅವನು ಓದಿಸಿದ ಹುಡುಗರೆಲ್ಲ, ಬರೆದದ್ದೆಲ್ಲ, ಸಮಿತಿಗಳಲ್ಲಿ ಹೇಳಿದ್ದೆಲ್ಲ ಆ ಹನ್ನೆರಡರ ಮೇಲೆ ನಿಂತಿತ್ತು. ಕಾಲೇಜಿಗೆ ಹೋಗುತ್ತಿದ್ದ ಹುಡುಗನ ಮುಖ ಒಂದು ಕ್ಷಣ ಕಂಡಿತು. ಅಯ್ಯೋ ಪಾಪ ಅನ್ನಿಸಿತು. ಅವನ ಮೇಲೆ ನನಗೆ ಕನಿಕರ ಹುಟ್ಟಿದ್ದು ಅದೊಂದೇ ಮಧ್ಯಾಹ್ನ.

ಸೋಮವಾರದ ಹೊತ್ತಿಗೆ ಸುಧಾರಿಸಿಕೊಂಡ. ಹುಡುಗಿಯನ್ನು ಕರೆಸಿ ಹೇಳಿದನಂತೆ, "ತುಂಬಾ ಒಳ್ಳೆ ಕೆಲಸ. ನನಗೆ ಮೊದಲಿಂದ್ಲೂ ಅನುಮಾನ ಇತ್ತು. ಆದ್ರೆ ಹನ್ನೊಂದು ಮೀನು ಸಾಲದಮ್ಮ. ಸತ್ತು ತೇಲಿ ಬಂದಿದ್ದು ಬರೀ ಮುದಿ ಮೀನು ಅಂತಾರೆ. ಸಮಿತಿ ಮುಂದೆ ಇಡಬೇಕಾದ್ರೆ ಅರವತ್ತಾದ್ರೂ ಬೇಕು."

ಅರವತ್ತು ಎಲ್ಲಿಂದ? ಅದಕ್ಕೂ ದಾರಿ ಹುಡುಕಿದ. ಹಲ್ಲಿನ ಡಾಕ್ಟರನ್ನು ಕಂಡು ಬಂದ. ಮುಂದಿನ ಸ್ಪರ್ಧೆಯಲ್ಲಿ ಹಿಡಿದ ಕೆಂಬಾಲಗಳನ್ನು ವಾಪಸು ಬಿಡುವುದಿಲ್ಲ, ತಲೆ ವಿಜ್ಞಾನಕ್ಕೆ, ಮೈ ಹಿಡಿದವರಿಗೆ. ಬಹುಮಾನ ತೂಕಕ್ಕಲ್ಲ, ವಯಸ್ಸಿಗೆ. ಎಲ್ಲಕ್ಕಿಂತ ಹಳೆಯ ಮೀನು ಹಿಡಿದವನೇ ಗೆದ್ದವನು. ನಲವತ್ತು ವರ್ಷದ ಮೀನು ಎಂದು ಕೇಳಿ ಡಾಕ್ಟರ ಬಾಯಲ್ಲಿ ನೀರೂರಿತಂತೆ. ಅವನ ಫೋಟೋದ ಮೀನಿಗೆ ಯಾರೂ ವಯಸ್ಸು ಹೇಳಿರಲಿಲ್ಲವಲ್ಲ.

ಹುಡುಗಿ ಇದನ್ನು ಹೇಳಿದಾಗ, ಅವಳು ಒಲ್ಲೆ ಅಂದಿರುತ್ತಾಳೆ ಎಂದುಕೊಂಡೆ. ಒಪ್ಪಿ ಬಂದಿದ್ದಳು.

"ಇರೋದೇ ಅಷ್ಟು ಅಂತ ನೀನೇ ಹೇಳ್ತೀಯ. ಉಳಿಸೋಕೆ ಅಂತ ಕೊಲ್ಲೋದು ಯಾವ ಊರಿನ ಶಾಸ್ತ್ರ?" ಎಂದು ಕೂಗಾಡಿದೆ.

"ಹನ್ನೊಂದು ಮೀನು ಇಟ್ಕೊಂಡು ನಿಯಮ ಬದಲಾಯಿಸಿ ಅಂದ್ರೆ ಸಮಿತಿ ನಗುತ್ತೆ ಅಕ್ಕ. ಸರ್ ಹೇಳಿದ್ದು ತಪ್ಪಲ್ಲ. ಸಾಕಷ್ಟು ಸ್ಯಾಂಪಲ್ ಇಲ್ಲದೆ ಯಾವುದೂ ಸಾಬೀತಾಗಲ್ಲ. ಒಂದೇ ದಿನ. ಆಮೇಲೆ ಒಂದು ಕೆಂಬಾಲಾನೂ ಯಾರೂ ಮುಟ್ಟೋ ಹಾಗಿಲ್ಲ."

"ಎಲ್ಲಾ ಮುಗಿಸೋಕೆ ಒಂದು ದಿನ ಸಾಕಾಗಲ್ವಾ?"

"ಗಾಳದಲ್ಲಿ ಎಷ್ಟು ತಾನೆ ಬೀಳುತ್ತೆ ಅಕ್ಕ?"

ಅವಳ ಕಣ್ಣಲ್ಲಿ ಕಳ್ಳತನವಿರಲಿಲ್ಲ. ನಿಜವಾಗಿ ಹಾಗೇ ನಂಬಿದ್ದಳು. ಮೂರು ವರ್ಷ ಮೈದುನನ ಕೈಕೆಳಗೆ ಇದ್ದು ಕಲಿತದ್ದು ಇದನ್ನು. ಬುದ್ಧಿವಂತರು ಮಾತ್ರ ಮಾಡಬಲ್ಲ ತಪ್ಪು ಅಂತ ಒಂದಿದೆ. ದಡ್ಡರ ಕೈಲಿ ಅದು ಆಗುವುದಿಲ್ಲ, ಅವರು ಅಷ್ಟು ದೂರ ಯೋಚಿಸುವುದಿಲ್ಲ.

ಸ್ಪರ್ಧೆಯ ದಿನ ನಾನೂ ಹೋದೆ. ಜನವೋ ಜನ. ವಯಸ್ಸಿಗೆ ಬಹುಮಾನ ಎಂದು ಸುದ್ದಿ ಹಬ್ಬಿ, ಪಕ್ಕದ ಊರುಗಳ ಸಂಘದವರೂ ದೋಣಿ ಹೇರಿಕೊಂಡು ಬಂದಿದ್ದರು. ಹಳೆಯ ಮೀನುಗಳು ಕೆರೆಯ ನಡುವಿನ ಆಳದ ಗುಂಡಿಯಲ್ಲಿ ಸೇರುತ್ತವೆ. ಈ ಸಂಗತಿ ಕಂಡುಹಿಡಿದದ್ದೂ ಹುಡುಗಿಯೇ, ಒಂದು ಸೆಮಿನಾರಿನಲ್ಲಿ ನಕ್ಷೆ ಬಿಡಿಸಿ ತೋರಿಸಿದ್ದಳು. ಆ ನಕ್ಷೆಯ ಪ್ರತಿ ಈಗ ಎಲ್ಲರ ಕೈಯಲ್ಲೂ ಇತ್ತು. ದೋಣಿಗಳೆಲ್ಲ ಆ ಗುಂಡಿಯ ಮೇಲೆಯೇ ಮುತ್ತಿಕೊಂಡವು. ದೋಣಿಯಿಂದ ದೋಣಿಗೆ ಕಾಲಿಟ್ಟುಕೊಂಡು ಆಚೆ ದಡಕ್ಕೆ ಹೋಗಬಹುದಿತ್ತು.

ಶಾಮಿಯಾನದ ಕೆಳಗೆ ತಗಡಿನ ಮೇಜು. ಹುಡುಗಿ ರಬ್ಬರ್ ಏಪ್ರನ್ ತೊಟ್ಟು ಚಾಕು ಹಿಡಿದು ನಿಂತಿದ್ದಳು. ಬೆಳಿಗ್ಗೆ ಒಂದೊಂದೇ ಬಂದವು. ಮಧ್ಯಾಹ್ನ ಬುಟ್ಟಿಯಲ್ಲಿ ಬಂದವು. ಅರವತ್ತು ದಾಟಿದಾಗ ಅವಳು ಮೈದುನನ ಹತ್ತಿರ ಹೋಗಿ ಸಾಕು ನಿಲ್ಲಿಸಿ ಸರ್ ಅಂದದ್ದನ್ನು ನಾನೇ ಕೇಳಿಸಿಕೊಂಡೆ. ಅವನು ಮೈಕು ಹಿಡಿದಿದ್ದ. "ಸಂಜೆವರೆಗೆ ಅಂತ ಘೋಷಣೆ ಆಗಿದೆಯಮ್ಮ, ಮಧ್ಯದಲ್ಲಿ ನಿಲ್ಲಿಸಿದ್ರೆ ಅನ್ಯಾಯ ಆಗುತ್ತೆ" ಅಂದ. ಯಾರಿಗೆ ಅನ್ಯಾಯ ಎಂದು ಹೇಳಲಿಲ್ಲ.

ಅವಳು ಮೇಜಿಗೆ ವಾಪಸು ಬಂದು ಇನ್ನೊಂದನ್ನು ಸೀಳಿದಳು. ಹೊಟ್ಟೆ ಬಿರಿದು ಮೊಟ್ಟೆ ಹೊರಗೆ ಚೆಲ್ಲಿತು, ಮೇಜಿನಿಂದ ಅವಳ ಬೂಟಿನ ಮೇಲೆ. ಇಪ್ಪತ್ತೇಳು ವರ್ಷ ಇಡಲು ಜಾಗವಿಲ್ಲದೆ ಪ್ರತಿ ವರ್ಷ ತುಂಬಿಕೊಂಡು ಕಾದ ಹೊಟ್ಟೆ. ಎರಡು ಹೆತ್ತವಳು ನಾನು, ಅದನ್ನು ನೋಡಿಕೊಂಡು ನಿಲ್ಲಲಾಗಲಿಲ್ಲ. ಹುಡುಗಿ ನಿಂತಿದ್ದಳು. ಬೂಟು ಒರೆಸಿಕೊಳ್ಳದೆ ಮುಂದಿನ ತಲೆಗೆ ಚಾಕು ಹಾಕಿದಳು. ಸಂಜೆಗೆ ನೂರಾನಲವತ್ತು ತಲೆ ಆಗಿತ್ತು.

ಆ ಕಲ್ಲುಗಳನ್ನು ನಾನು ಉಜ್ಜಲಿಲ್ಲ. ಅಷ್ಟು ಹೊತ್ತಿಗೆ ವಿಭಾಗದ ಯಂತ್ರದ ಕೋಣೆಯ ಕೀಲಿ ಸಿಕ್ಕಿತ್ತು.

ಮುಂದೆ ಎಲ್ಲವೂ ಹೇಳಿದಂತೆಯೇ ಆಯಿತು. ಡಾಕ್ಟರ ಮೀನಿಗೆ ಐವತ್ತೊಂದು ವರ್ಷ, ಡಾಕ್ಟರಿಗಿಂತ ಎರಡು ವರ್ಷ ಹಿರಿದು. ಬೆಳ್ಳಿ ಲೋಟ ಅವನಿಗೇ ಬಂತು. ಹುಡುಗಿಯ ಪ್ರಬಂಧಕ್ಕೆ ಎಲ್ಲರೂ ಭೇಷ್ ಅಂದರು, ಸ್ಯಾಂಪಲ್ ಅಷ್ಟು ದೊಡ್ಡದಿತ್ತು. ಹೆಸರಿನ ಹಿಂದೆ ಡಾಕ್ಟರ್ ಸೇರಿತು, ತಾಯಿ ಫೋನಿನಲ್ಲಿ ಈ ಸಲ ಸಂತೋಷಕ್ಕೆ ಅತ್ತಳು. ಕೆಂಬಾಲ ಅರ್ಧ ಶತಮಾನ ಬದುಕುತ್ತದೆ ಎಂದು ಜಗತ್ತಿಗೆ ತೋರಿಸಿದವರು ಎಂದು ಮೈದುನನಿಗೆ ಶಾಲು ಹೊದಿಸಿದರು. ಹನ್ನೆರಡು ಅಂದವರು ಯಾರು ಎಂದು ಯಾರೂ ಕೇಳಲಿಲ್ಲ. ಅವನೇ ಭಾಷಣದಲ್ಲಿ, "ಹಿಂದೆ ಕೆಲವರು ತಪ್ಪಾಗಿ ಭಾವಿಸಿದ್ದರು" ಅಂದ. ಸಮಿತಿ ನಿಯಮ ಬದಲಾಯಿಸಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ ಕೆರೆಯ ನಾಲ್ಕು ಮೂಲೆಗೂ ಬೋರ್ಡು ನಿಂತಿತು, ಕೆಂಬಾಲ ಹಿಡಿಯುವುದು ಶಿಕ್ಷಾರ್ಹ ಎಂದು.

ಮಾರನೇ ವರ್ಷ ಹುಡುಗಿ ಅದೇ ದೋಣಿಯಲ್ಲಿ ಬಲೆ ಹಾಕಿದಳು. ಡಿಗ್ರಿ ಬಂದಾಗಿತ್ತು, ಯಾರೂ ಹೇಳಿರಲಿಲ್ಲ, ಸುಮ್ಮನೆ ಹಾಕಿದಳು. ಆಳದ ಗುಂಡಿಗೂ ಹಾಕಿದಳು. ಮಳೆಗಾಲ ಕಳೆಯಿತು, ಚಳಿ ಕಳೆಯಿತು. ಒಂದು ಕೆಂಬಾಲವೂ ಬರಲಿಲ್ಲ. ಸಂಜೆ ಅಂಗಡಿಗೆ ಬಂದು ನನ್ನ ಪಕ್ಕ ಕೂರುತ್ತಿದ್ದಳು. ಮೆಟ್ಟಿಲ ಮೇಲಿನ ಒದ್ದೆ ಬೂಟಿಗೆ ನಾನು ಬೈಯುವುದು ಬಿಟ್ಟೆ.

ಹೋದ ಭಾನುವಾರ ಮೈದುನ ಊಟಕ್ಕೆ ಬಂದ. ಹುಡುಗಿಯನ್ನೂ ಕೂರಿಸಿದ್ದೆ. ಅವನು ಎರಡು ತುತ್ತು ಉಂಡು, ಮುಖ ಅರಳಿಸಿ ಹೇಳಿದ.

"ಅತ್ತಿಗೆ, ಈ ಸಲ ಒಂದಲ್ಲ, ಎರಡು ಸೀಟು. ಸರ್ಕಾರದ್ದೇ. ಕೆರೆಯಲ್ಲಿ ಕೆಂಬಾಲ ಯಾಕೆ ಇದ್ದಕ್ಕಿದ್ದ ಹಾಗೆ ಕಾಣಿಸ್ತಿಲ್ಲ ಅನ್ನೋದು ವಿಷಯ. ಎಂಥ ಅವಕಾಶ ನೋಡಿ." ಆಮೇಲೆ ಹುಡುಗಿಯ ಕಡೆ ತಿರುಗಿದ. "ನೀನೇ ಮುಂದೆ ನಿಂತು ನಡೆಸಬೇಕಮ್ಮ. ಹುಡುಗರಿಗೆ ದಾರಿ ತೋರಿಸು."

ಹುಡುಗಿ ತಟ್ಟೆ ನೋಡುತ್ತಿದ್ದಳು. "ಯಾಕೆ ಅಂತ ನನಗೆ ಗೊತ್ತು ಸರ್" ಅಂದಳು. "ನಾವು ಕೊಂದ್ವಿ."

ಮೈದುನ ಅವಳ ಕಡೆ ಅಕ್ಕರೆಯಿಂದ ನೋಡಿದ. ಪಾಠ ಹೇಳುವಾಗ ಅವನ ದನಿ ಯಾವಾಗಲೂ ಮೆತ್ತಗಾಗುತ್ತದೆ.

"ಗೊತ್ತಿದ್ರೆ ಸಾಲದಮ್ಮ, ಸಾಬೀತು ಮಾಡಬೇಕು. ಮೂರು ವರ್ಷದ ಕೆಲಸ ಅದು."

ಹುಡುಗಿ ಎದ್ದು ಕೈ ತೊಳೆದಳು. ಅವನು ತಟ್ಟೆ ಮುಂದೆ ಚಾಚಿದ. ನಾನು ಬಡಿಸಲಿಲ್ಲ.